ನೀರಿಗಿಳಿಯುವ ಕ್ಯಾಮೆರಾನಾ, ಕತ್ತಲಲ್ಲಿ ಕಾಣುವ ಕ್ಯಾಮೆರಾನಾ?

2025 ಜೂನ್ 14, ಶನಿವಾರ

ಹೊಸ ಕ್ಯಾಮೆರಾ ತಗೊಳ್ಳಬೇಕು ಅನ್ನುವುದು ತೀರ್ಮಾನವಾಗಿ ಬಹಳ ದಿನವಾಯ್ತು. ಯಾವುದು ಅನ್ನುವುದು ಮಾತ್ರ ಬಗೆಹರಿದಿಲ್ಲ. ಉದ್ದದ ಪಟ್ಟಿ ಈಗ ಎರಡಕ್ಕೆ ಇಳಿದಿದೆ. ಒಂದು ಒಎಂ ಸಿಸ್ಟಮ್‌ನವರ ಟಿಜಿ-7. ಅದನ್ನು ನೀರಿಗೆ ಹಾಕಬಹುದು, ಕೈಜಾರಿ ಬಿದ್ದರೂ ಎದೆ ಧಸಕ್ಕೆನ್ನುವುದಿಲ್ಲ. ಇನ್ನೊಂದು ರಿಕೋ ಜಿಆರ್ 3. ಜೇಬಿಗೆ ಹಿಡಿಸುವ ಮೈಯೊಳಗೆ ಎಪಿಎಸ್-ಸಿ ಅಳತೆಯ ಸೆನ್ಸರ್ (ಬೆಳಕು ಹಿಡಿಯುವ ಚಿಪ್), ಅಂದರೆ ಬಹುಪಾಲು ಡಿಎಸ್‌ಎಲ್‌ಆರ್‌ಗಳಲ್ಲಿ ಇರುವಷ್ಟೇ ದೊಡ್ಡದು. ತಮಾಷೆ ಏನಂದರೆ ಎರಡರ ತೂಕವೂ ಹೆಚ್ಚುಕಡಿಮೆ ಒಂದೇ. ಒಂದು 249 ಗ್ರಾಂ, ಇನ್ನೊಂದು 257. ಹೊರುವ ವಿಷಯದಲ್ಲಿ ಜಗಳವೇ ಇಲ್ಲ.

ಅಣ್ಣ ದೊಡ್ಡ ಸೆನ್ಸರ್ ಪಕ್ಷ. "ಫೋಟೊ ಚೆನ್ನಾಗಿ ಬರಲಿ ಅಂತ ತಾನೆ ಕ್ಯಾಮೆರಾ ತಗೊಳ್ಳೋದು? ಮತ್ತೆ ಆ ಪುಟಾಣಿ ಸೆನ್ಸರ್‌ಗೆ ಯಾಕೆ ದುಡ್ಡು ಸುರೀತೀಯಾ?" ಅಂತ ಫೋನಿನಲ್ಲಿ ಪಾಠ ಮಾಡಿದ. ಅವನ ಮಾತನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ಅದಕ್ಕೇ ಇವತ್ತು ಕೂತು ಲೆಕ್ಕ ಹಾಕಿದೆ.

ಟಿಜಿ-7ರಲ್ಲಿರುವುದು 1/2.33 ಇಂಚಿನ ಸೆನ್ಸರ್. ಅಳತೆ ಸುಮಾರು 6.2 x 4.6 ಮಿಲಿಮೀಟರ್. ಕಿರುಬೆರಳ ಉಗುರಿಗಿಂತ ಚಿಕ್ಕದು. ವಿಸ್ತೀರ್ಣ 28 ಚದರ ಮಿಲಿಮೀಟರ್. ಎಪಿಎಸ್-ಸಿ ಸೆನ್ಸರ್ 23.5 x 15.6, ಅಂದರೆ ಸುಮಾರು 367 ಚದರ ಮಿಲಿಮೀಟರ್. ಹದಿಮೂರು ಪಟ್ಟು! ಅಣ್ಣನ ಪ್ರಕಾರ ವಾದ ಇಲ್ಲಿಗೇ ಮುಗಿಯಿತು.

ಆದರೆ ಲೆನ್ಸೂ ಲೆಕ್ಕಕ್ಕೆ ಬರಬೇಕು ಅಲ್ವಾ? ಜೂಮ್ ಮಾಡದೇ ಇದ್ದಾಗ ಟಿಜಿ-7ರ ಲೆನ್ಸ್ ಎಫ್/2 (ಈ ಅಂಕಿ ಚಿಕ್ಕದಾದಷ್ಟೂ ಬೆಳಕು ಹೆಚ್ಚು). ಜಿಆರ್ 3ರದ್ದು ಎಫ್/2.8. ಇಲ್ಲಿ ಟಿಜಿಗೆ ಒಂದು ಸ್ಟಾಪ್ ಲಾಭ, ಅಂದರೆ ಎರಡು ಪಟ್ಟು ಬೆಳಕು. ಹಾಗಾಗಿ ಶಟರ್ ವೇಗ ಒಂದೇ ಇದ್ದರೆ ಹದಿಮೂರು ಪಟ್ಟು ಅನ್ನುವುದು ಆರೂವರೆಯ ಹತ್ತಿರಕ್ಕೆ ಇಳಿಯುತ್ತದೆ. ಇದು ಈಗಲೂ ದೊಡ್ಡ ಅಂತರವೇ, ಇಲ್ಲ ಅನ್ನುವುದಿಲ್ಲ. ಆದರೆ ಇದೇ ಲೆಕ್ಕವನ್ನು ಸೋನಿ ಆರ್‌ಎಕ್ಸ್100ರ 7ನೇ ಮಾದರಿಗೆ ಹಾಕಿ ನೋಡಿದರೆ ಬೇರೆಯೇ ಕಥೆ. ಅದರ 1 ಇಂಚಿನ ಸೆನ್ಸರ್ 116 ಚದರ ಮಿಲಿಮೀಟರ್, ಟಿಜಿಯ ನಾಲ್ಕು ಪಟ್ಟು. ಲೆನ್ಸ್ ಶುರುವಾಗುವುದೇ ಎಫ್/2.8ರಿಂದ. ಕೊನೆಗೆ ಉಳಿಯುವುದು ಬರೀ ಎರಡು ಪಟ್ಟು, ಒಂದೇ ಒಂದು ಸ್ಟಾಪ್. ಅದೇ ಸಾಲಿನ 5ಎ ಮಾದರಿಯ ಲೆನ್ಸ್ ಎಫ್/1.8, ಅಲ್ಲಿ ಅಂತರ ಐದು ಪಟ್ಟು. ಸೆನ್ಸರ್ ಒಂದೇ ಅಳತೆಯದು, ಮುಂದಿರುವ ಗಾಜು ಬೇರೆ. "ದೊಡ್ಡ ಸೆನ್ಸರ್" ಅಂದ ಕೂಡಲೇ ತಲೆದೂಗುವವರು ಈ ಗುಣಾಕಾರವನ್ನು ಮಾಡುವುದೇ ಇಲ್ಲ ಅನ್ನುವುದು ನನ್ನ ದೂರು.

ಹಾಗಂತ ಟಿಜಿಯನ್ನು ಹೊಗಳುತ್ತಿಲ್ಲ. ಜೂಮ್ ಪೂರ್ತಿ ಎಳೆದರೆ ಅದರ ಲೆನ್ಸ್ ಎಫ್/4.9ಕ್ಕೆ ಬಂದು ನಿಲ್ಲುತ್ತದೆ. ಮೋಡ ಕವಿದ ಸಂಜೆ ಆ ಕಡೆಗೆ ಹೋಗಲೇಬಾರದು.

ಬೆಳಕು ಕಡಿಮೆ ಬಿದ್ದರೆ ಏನಾಗುತ್ತದೆ ಅಂತ ಕಣ್ಣಾರೆ ನೋಡೋಣ ಎಂದು ಹಳೆಯ ಪುಟ್ಟ ಕ್ಯಾಮೆರಾದ ಒಂದು ಫೋಟೊ ತೆರೆದೆ. ಟಿಜಿಯದ್ದೇ ಅಳತೆಯ ಸೆನ್ಸರ್, ಮನೆಯೊಳಗಿನ ದೀಪದ ಬೆಳಕು, ಐಎಸ್‌ಒ (ಕ್ಯಾಮೆರಾ ಬೆಳಕನ್ನು ಎಷ್ಟು ಹಿಗ್ಗಿಸಿ ತೋರಿಸುತ್ತದೆ ಅನ್ನುವ ಅಂಕಿ) 1600. ಪೂರ್ತಿ ಹಿಗ್ಗಿಸಿದಾಗ ಮಗಳ ಹುಬ್ಬಿನಲ್ಲಿ ಕೂದಲೇ ಇಲ್ಲ, ಒಂದು ಕಂದು ಪಟ್ಟಿ ಇದೆ ಅಷ್ಟೆ. ಸ್ವೆಟರ್‌ನ ಹೆಣಿಗೆ ದೀಪದ ಕಡೆಯ ತೋಳಿನಲ್ಲಿ ಎಳೆಎಳೆಯಾಗಿ ಕಾಣುತ್ತದೆ. ನೆರಳಲ್ಲಿರುವ ತೋಳಿನಲ್ಲಿ ಸವರಿ ಹೋಗಿದೆ. ನಾಯ್ಸ್, ಅಂದರೆ ಕಡಿಮೆ ಬೆಳಕಲ್ಲಿ ಬರುವ ಕಾಳುಕಾಳು ಚುಕ್ಕೆ, ಅಳಿಸಲು ಹೋದ ಕ್ಯಾಮೆರಾ ಅದರ ಜೊತೆ ಉಣ್ಣೆಯನ್ನೂ ಅಳಿಸಿಬಿಟ್ಟಿದೆ. ಟಿಜಿ-7ರಲ್ಲಿ ರಾ ಫೈಲ್, ಅಂದರೆ ಕ್ಯಾಮೆರಾ ತಾನಾಗಿ ತಿದ್ದದ ಮೂಲ ಫೋಟೊ, ಸಿಗುತ್ತದೆ. ಈಗಿನ ಸಾಫ್ಟ್‌ವೇರ್‌ಗಳಲ್ಲಿ ನಾಯ್ಸನ್ನು ಇದಕ್ಕಿಂತ ನಾಜೂಕಾಗಿ ತೆಗೆಯಬಹುದು. ಆದರೆ ಪ್ರತಿ ಫೋಟೊಗೂ ಕಂಪ್ಯೂಟರ್ ಮುಂದೆ ಕೂರುವವರು ಯಾರು?

ಚಿಕ್ಕ ಸೆನ್ಸರ್‌ಗೆ ಒಂದು ಒಳ್ಳೆಯ ಗುಣವೂ ಇದೆ. ಹತ್ತಿರದ ವಸ್ತು ತೆಗೆಯುವಾಗ ಹೆಚ್ಚು ಭಾಗ ಸ್ಪಷ್ಟವಾಗಿ ಬರುತ್ತದೆ. ಟಿಜಿಯ ಮೈಕ್ರೋಸ್ಕೋಪ್ ಮೋಡ್ ಲೆನ್ಸಿನಿಂದ 1 ಸೆಂಟಿಮೀಟರ್ ದೂರದಲ್ಲೂ ಫೋಕಸ್ ಮಾಡುತ್ತದೆ. ಜಿಆರ್ 3ರ ಮ್ಯಾಕ್ರೋ 6 ಸೆಂಟಿಮೀಟರ್‌ಗೆ ನಿಲ್ಲುತ್ತದೆ. ಸಾಲದ್ದಕ್ಕೆ ಟಿಜಿ ಫೋಕಸನ್ನು ಸ್ವಲ್ಪ ಸ್ವಲ್ಪ ಸರಿಸುತ್ತಾ ಹಲವು ಫೋಟೊ ತೆಗೆದು, ಒಳಗೇ ಒಂದು ಮಾಡಿ ಕೊಡುತ್ತದೆ. ಎಲೆಯ ಹಿಂದೆ ಕೂತ ಹೇನು, ಇರುವೆಯ ಮೀಸೆ, ಜೇಡದ ಎಂಟು ಕಣ್ಣು. ನನಗೆ ಇಂಥದ್ದರ ಹುಚ್ಚು ಮೊದಲಿನಿಂದಲೂ ಇದೆ. ಅಣ್ಣನಿಗೆ ಇದು ಅರ್ಥವಾಗುವುದಿಲ್ಲ. ಅವನಿಗೆ ಹುಳ ಕಂಡರೆ ಹೇಸಿಗೆ.

ಎರಡೂ ಒಂದರಲ್ಲೇ ಬರಬಾರದಾ ಅನ್ನಿಸುತ್ತದೆ. ಹಾಗೆ ಮಾಡಿ ನೋಡಿದವರೂ ಇದ್ದಾರೆ. ಲೈಕಾ 2016ರಲ್ಲಿ ಎಕ್ಸ್-ಯು ಅಂತ ತಂದಿತ್ತು. ಎಪಿಎಸ್-ಸಿ ಸೆನ್ಸರ್, 15 ಮೀಟರ್ ಆಳದವರೆಗೆ ನೀರು ತಡೆಯುವ ಮೈ. ಸೋನಿ 2017ರಲ್ಲಿ ಆರ್‌ಎಕ್ಸ್0 ತಂದಿತು. 1 ಇಂಚಿನ ಸೆನ್ಸರ್, 10 ಮೀಟರ್. ಎರಡರಲ್ಲೂ ಜೂಮ್ ಇಲ್ಲ. ಅದಕ್ಕೆ ಕಾರಣವೂ ಇದೆ. ನೀರು ತಡೆಯಬೇಕಾದರೆ ಲೆನ್ಸ್ ಹೊರಗೆ ಚಾಚಬಾರದು, ಗಾಜಿನ ಹಿಂದೆಯೇ ಇರಬೇಕು. ಟಿಜಿಯಲ್ಲಿ ಬೆಳಕನ್ನು ಒಳಗೆ ಅಡ್ಡಕ್ಕೆ ತಿರುಗಿಸಿ, ಜೂಮ್ ಪೂರ್ತಿ ಮೈಯೊಳಗೇ ಓಡಾಡುವಂತೆ ಮಾಡಿದ್ದಾರೆ. ಸೆನ್ಸರ್ ಚಿಕ್ಕದಾದ್ದರಿಂದ ಅದು ಸಾಧ್ಯ. ಸೆನ್ಸರ್ ದೊಡ್ಡದಾದರೆ ಲೆನ್ಸೂ ದೊಡ್ಡದಾಗುತ್ತದೆ. ಆಮೇಲೆ ಅದನ್ನು ಜೇಬಿನಲ್ಲಿ ಇಡುವ ಮಾತೇ ಇಲ್ಲ.

ದೊಡ್ಡ ಸೆನ್ಸರಿನ ಕಾಂಪ್ಯಾಕ್ಟ್‌ಗೆ, ಅಂದರೆ ಜೇಬಿನ ಕ್ಯಾಮೆರಾಗೆ, ಗಟ್ಟಿ ಪ್ಲಾಸ್ಟಿಕ್ ಡಬ್ಬಿ ಹಾಕಿ ನೀರಿಗಿಳಿಸಬಹುದು ನಿಜ. ಆರ್‌ಎಕ್ಸ್100 ಸಾಲಿಗೆ 40 ಮೀಟರ್ ತಡೆಯುವ ಡಬ್ಬಿ ಸಿಗುತ್ತದೆ. ಮುಳುಗುಗಾರರಿಗೆ ಅದು ಸರಿ. ಮೊಣಕಾಲುದ್ದ ನೀರಲ್ಲಿ ಮಕ್ಕಳ ಹಿಂದೆ ಓಡುವವರಿಗೆ ಅಲ್ಲ.

ಈಗ ಟಿಜಿ-7 ನೀರು ತಡೆಯುವ 15 ಮೀಟರ್ ಆಳದ ವಿಷಯಕ್ಕೆ ಬರುತ್ತೇನೆ. ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಇರುವುದೂ ಅದೇ, ಜನ ತಪ್ಪಾಗಿ ತಿಳಿಯುವುದೂ ಅದನ್ನೇ. ಕ್ಯಾಮೆರಾದ ಮೈ ಒಂದೇ ನೀರನ್ನು ತಡೆಯುವುದಿಲ್ಲ. ತಡೆಯುವುದು ಬ್ಯಾಟರಿ ಬಾಗಿಲಿನ ಅಂಚಿನಲ್ಲಿರುವ ತೆಳ್ಳನೆಯ ರಬ್ಬರ್. ಗೆಳತಿಯೊಬ್ಬಳ ಹತ್ತಿರ ಇಂಥದ್ದೇ ಗಟ್ಟಿ ಕ್ಯಾಮೆರಾ ಇದೆ, ಬೇರೆ ಕಂಪನಿಯದ್ದು. ಮೊನ್ನೆ ಅವಳ ಮನೆಯಲ್ಲಿ ಆ ಬಾಗಿಲು ತೆರೆದು ಬೆಳಕಿಗೆ ಓರೆ ಮಾಡಿ ನೋಡಿದೆ. ಮೊದಲು ಏನೂ ಕಾಣಲಿಲ್ಲ. ಆಮೇಲೆ ಮೂಲೆ ತಿರುವಿನಲ್ಲಿ ರಬ್ಬರಿಗೆ ಅಡ್ಡಲಾಗಿ ಒಂದು ಕೂದಲೆಳೆ ಮಲಗಿತ್ತು. ಪಕ್ಕದಲ್ಲಿ ಒಂದೇ ಒಂದು ಮರಳಿನ ಕಣ, ಅದು ಕೂತ ಜಾಗದಲ್ಲಿ ರಬ್ಬರು ಸ್ವಲ್ಪ ತಗ್ಗಿತ್ತು. ಬಾಗಿಲು ಮುಚ್ಚಿ ಬೀಗ ಕಿಟಕ್ ಅಂದರೂ ಆ ಕೂದಲಿನ ಗುಂಟ ನೀರಿಗೆ ದಾರಿ ಇದ್ದೇ ಇರುತ್ತದೆ. ಹತ್ತು ಮೀಟರ್ ಇಳಿದರೆ ಒತ್ತಡ ಮೇಲಿನದರ ಎರಡು ಪಟ್ಟು. ಅಲ್ಲಿ ನೀರು ಜಿನುಗುವುದಲ್ಲ, ನುಗ್ಗುತ್ತದೆ. ಅವಳು ಕೂದಲನ್ನು ಊದಿ ತೆಗೆದು, ನೂಲು ಬಿಡದ ಬಟ್ಟೆಯಲ್ಲಿ ರಬ್ಬರನ್ನು ಸುತ್ತಲೂ ಒರೆಸಿ, "ಪ್ರತಿ ಸಲ ಇದೊಂದು ಕೆಲಸ ಕಣೇ" ಅಂದಳು.

ಇನ್ನೂ ಇದೆ. ಸಮುದ್ರದಿಂದ ಬಂದ ಮೇಲೆ ಬಾಗಿಲು ಮುಚ್ಚಿದಂತೆಯೇ ಸಿಹಿನೀರಲ್ಲಿ ನೆನೆಸಿಡಬೇಕು, ಇಲ್ಲದಿದ್ದರೆ ಉಪ್ಪು ಹರಳುಗಟ್ಟಿ ಗುಂಡಿಗಳ ಸಂದಿಯಲ್ಲಿ ಕೂರುತ್ತದೆ. ಒಣಗುವ ಮೊದಲು ಬಾಗಿಲು ತೆರೆಯಬಾರದು. ಬಿಸಿಲಲ್ಲಿ ಕಾದ ಕ್ಯಾಮೆರಾವನ್ನು ತಣ್ಣೀರಿಗೆ ಹಾಕಿದರೆ ಗಾಜಿನ ಒಳಗೆ ಮಂಜು ಕಟ್ಟಬಹುದು. ಎತ್ತರದಿಂದ ನೀರಿಗೆ ಹಾರುವಾಗ ಬೀಳುವ ಹೊಡೆತ 15 ಮೀಟರ್ ಲೆಕ್ಕದಲ್ಲಿ ಬರುವುದಿಲ್ಲ. ರಬ್ಬರನ್ನು ವರ್ಷಕ್ಕೊಮ್ಮೆ ಬದಲಾಯಿಸಿ ಅಂತ ತಯಾರಕರೇ ಹೇಳುತ್ತಾರೆ, ಯಾಕಂದರೆ ರಬ್ಬರಿಗೂ ವಯಸ್ಸಾಗುತ್ತದೆ. ಹೊಸದರಲ್ಲಿ ಇದ್ದ 15 ಮೀಟರ್ ನಾಲ್ಕು ವರ್ಷದ ಮೇಲೂ ತಾನಾಗಿಯೇ 15 ಆಗಿ ಉಳಿಯುವುದಿಲ್ಲ. ಸೆನ್ಸರ್ ಹಾಗಲ್ಲ, ಕೊಂಡ ದಿನ ಎಷ್ಟು ದೊಡ್ಡದಿತ್ತೋ ಕೊನೆಯವರೆಗೂ ಅಷ್ಟೇ ದೊಡ್ಡದು. ಇದನ್ನು ಬರೆಯುತ್ತಾ ಅಣ್ಣನ ಕಡೆಗೇ ವಾಲುತ್ತಿದ್ದೇನೆ ಅನ್ನಿಸಿತು. ಮಲಗಿ ಎದ್ದು ಮತ್ತೆ ನೋಡುತ್ತೇನೆ.

ಜೂನ್ 15, ಭಾನುವಾರ

ಬೆಳಿಗ್ಗೆ ಅಣ್ಣ ಮನೆಗೆ ಬಂದಿದ್ದ, ತನ್ನ ಕಾಂಪ್ಯಾಕ್ಟ್ ಹಿಡಿದುಕೊಂಡು. ದೊಡ್ಡ ಸೆನ್ಸರಿನದು, ಯಾವ ಕಂಪನಿ ಅಂತ ಹೇಳಿದರೆ ಬೇಜಾರು ಮಾಡಿಕೊಳ್ಳುತ್ತಾನೆ. ಕಿಟಕಿಯ ಪಕ್ಕ ನಿಂತ ಅಮ್ಮನ ಫೋಟೊ ತೆಗೆದು ತೋರಿಸಿದ. ಒಪ್ಪಲೇಬೇಕು, ಚೆನ್ನಾಗಿತ್ತು. ಕೆನ್ನೆಯ ನೆರಳಿನ ಭಾಗದಲ್ಲೂ ಚರ್ಮದ ಸುಕ್ಕುಗಳು ಹಾಗೇ ಇದ್ದವು.

ಆಮೇಲೆ ಅಪರ್ಚರ್, ಅಂದರೆ ಲೆನ್ಸಿನ ಕಿಂಡಿ, ಎಫ್/16ಕ್ಕೆ ಇಳಿಸಿ ಆಕಾಶದ ಫೋಟೊ ತೆಗೆದಾಗ, ಬಲಮೇಲಿನ ಮೂಲೆಯಲ್ಲಿ ಒಂದು ಬೂದು ಚುಕ್ಕೆ. ಇನ್ನೊಂದು ತೆಗೆದರೂ ಅದೇ ಜಾಗದಲ್ಲಿ ಅದೇ ಚುಕ್ಕೆ. ಸೆನ್ಸರ್ ಮೇಲೆ ಧೂಳು. ಇಂಥ ಕ್ಯಾಮೆರಾಗಳ ಲೆನ್ಸ್ ಆನ್ ಮಾಡಿದಾಗ ಹೊರಗೆ ಚಾಚುತ್ತದೆ, ಆಫ್ ಮಾಡಿದಾಗ ಒಳಗೆ ಸೇರುತ್ತದೆ. ಪ್ರತಿ ಸಲ ಗಾಳಿ ಒಳಗೂ ಹೊರಗೂ ಓಡಾಡುತ್ತದೆ, ಜೊತೆಗೆ ಜೇಬಿನ ನೂಲು, ಧೂಳು. ಲೆನ್ಸ್ ಬಿಚ್ಚುವ ಕ್ಯಾಮೆರಾ ಆದರೆ ನಾವೇ ಊದಿ ತೆಗೆಯಬಹುದು. ಇದರಲ್ಲಿ ಲೆನ್ಸ್ ಬಿಚ್ಚಲು ಬರುವುದಿಲ್ಲ, ಸರ್ವಿಸ್‌ಗೇ ಕೊಡಬೇಕು. "ಎಫ್/16 ಯಾರು ಬಳಸ್ತಾರೆ?" ಅಂದ ಅಣ್ಣ. ಅದೂ ಸರಿ. ಎಫ್/4ರಲ್ಲಿ ಆ ಚುಕ್ಕೆ ಕಾಣಲೇ ಇಲ್ಲ.

ಅವನು ಕ್ಯಾಮೆರಾ ಹಿಡಿಯುವ ರೀತಿಯನ್ನು ಆಗ ಗಮನಿಸಿದೆ. ಮಗಳು ಒದ್ದೆ ಕೈಯಲ್ಲಿ ಹತ್ತಿರ ಬಂದರೆ ಮೇಲೆತ್ತುತ್ತಾನೆ. ಹೊರಗೆ ಹನಿ ಬಿದ್ದರೆ ಚೀಲಕ್ಕೆ ಸೇರಿಸುತ್ತಾನೆ. ಆ ಕ್ಯಾಮೆರಾಗೆ ಫೋಟೊ ತೆಗೆಯುವ ಹೊತ್ತಿನಲ್ಲೇ ಜೋಪಾನ ಬೇಕು. ಗೆಳತಿಯದ್ದಕ್ಕೆ ಬೇಕಾಗಿರುವುದು ಫೋಟೊ ತೆಗೆದಾದ ಮೇಲೆ. ಹೊಳೆಯಲ್ಲಿ ನಿಂತಾಗ ನನ್ನ ಒಂದು ಕೈ ಮಗಳ ತೋಳಿನ ಮೇಲೇ ಇರುತ್ತದೆ. ಆಗ ಕ್ಯಾಮೆರಾದ ಉಪಚಾರಕ್ಕೆ ನನ್ನಲ್ಲಿ ಕೈಯೂ ಇಲ್ಲ, ತಲೆಯೂ ಇಲ್ಲ. ಮನೆಗೆ ಬಂದು ಬಟ್ಟೆ ಹಿಂಡುವಾಗ ಇದನ್ನೂ ಒಂದು ಬಕೆಟ್ ನೀರಲ್ಲಿ ಮುಳುಗಿಸಿಡು ಅಂದರೆ, ಅದು ನನ್ನಿಂದ ಆಗುತ್ತದೆ.

ಅಣ್ಣ ಹೋದ ಮೇಲೆ ಹಳೆಯ ಫೋಟೊಗಳನ್ನೆಲ್ಲ ಐಎಸ್‌ಒ ಪ್ರಕಾರ ಜೋಡಿಸಿದೆ. ಹೆಚ್ಚು ಐಎಸ್‌ಒ ಇದ್ದವೆಲ್ಲ ಮನೆಯೊಳಗಿನವು, ಯಾರದೋ ಹುಟ್ಟುಹಬ್ಬ, ಯಾರೋ ಬಂದಿದ್ದು. ಅಂಥ ಕಡೆ ಫೋನ್ ಹೇಗೂ ಕೈಯಲ್ಲೇ ಇರುತ್ತದೆ. ಈಗಿನ ಫೋನ್‌ಗಳು ಹಲವು ಫ್ರೇಮ್ ಪಟಪಟನೆ ತೆಗೆದು ಒಂದು ಮಾಡುತ್ತವೆ, ಕೂತವರ ಫೋಟೊ ಕಡಿಮೆ ಬೆಳಕಲ್ಲೂ ಪರವಾಗಿಲ್ಲ ಅನ್ನುವಂತೆ ಬರುತ್ತದೆ. ಓಡುವ ಮಕ್ಕಳದ್ದು ಬರುವುದಿಲ್ಲ, ಅಲ್ಲಿ ಜಿಆರ್ 3 ಗೆಲ್ಲುತ್ತದೆ. ಹೊರಗೆ ತೆಗೆದವು ಬಹುಪಾಲು ಐಎಸ್‌ಒ 100ರಿಂದ 400ರ ಒಳಗೆ. ಅಷ್ಟು ಬೆಳಕಿದ್ದರೆ ಉಗುರಿನಷ್ಟು ಸೆನ್ಸರೂ ಸಾಕು.

ಮತ್ತೆ, ಫೋಲ್ಡರಿನಲ್ಲಿ ಇಲ್ಲದೇ ಇರುವ ಫೋಟೊಗಳ ಲೆಕ್ಕವನ್ನು ಐಎಸ್‌ಒ ಹೇಳುವುದಿಲ್ಲ. ದಡದಲ್ಲಿ ಚಪ್ಪಲಿ ಬಿಡುವುದು ಇದೆ, ಮುಂದಿನದು ಒದ್ದೆ ತಲೆಯಲ್ಲಿ ಟವೆಲ್ ಸುತ್ತಿಕೊಂಡಿದ್ದು. ನಡುವಿನದು ಇಲ್ಲವೇ ಇಲ್ಲ. ಆಗೆಲ್ಲ ಕ್ಯಾಮೆರಾ ಚೀಲದಲ್ಲಿತ್ತು.

ಫೋನೂ ಐಪಿ68 (ನೀರು, ಧೂಳು ತಡೆಯುವ ದರ್ಜೆ) ಅಲ್ವಾ, ಅದನ್ನೇ ನೀರಿಗೆ ಇಳಿಸಿದರಾಯ್ತು ಅನ್ನಬಹುದು. ಆ ಪರೀಕ್ಷೆ ನಡೆಯುವುದು ನಿಂತ ಸಿಹಿನೀರಲ್ಲಿ. ಉಪ್ಪುನೀರು, ಅಲೆಯ ಹೊಡೆತ ಅದರಲ್ಲಿ ಇಲ್ಲ. ನೀರಿನೊಳಗೆ ಟಚ್ ಸ್ಕ್ರೀನೂ ಮಾತು ಕೇಳುವುದಿಲ್ಲ. ಟಿಜಿಯಲ್ಲಿ ಟಚ್ ಸ್ಕ್ರೀನೇ ಇಲ್ಲ, ಎಲ್ಲ ಗುಂಡಿ. ಮೊದಲು ಅದನ್ನು ಕೊರತೆ ಅಂತ ಬರೆದುಕೊಂಡಿದ್ದೆ.

ಸಂಜೆ ಟಿಜಿ-7 ಆರ್ಡರ್ ಮಾಡಿದೆ. ಜೊತೆಗೆ ತೇಲುವ ಪಟ್ಟಿ, ಯಾಕಂದರೆ ನೀರು ಹೋಗದ ಕ್ಯಾಮೆರಾ ನೀರಲ್ಲಿ ತೇಲುತ್ತದೆ ಅಂತೇನಿಲ್ಲ, ನೆಟ್ಟಗೆ ತಳ ಸೇರುತ್ತದೆ. ಇನ್ನೊಂದು ಬ್ಯಾಟರಿಯೂ ಬರುತ್ತದೆ. ಹೊಳೆ ದಡದಲ್ಲಿ ಮಾತ್ರ ಬ್ಯಾಟರಿ ಬಾಗಿಲು ತೆರೆಯುವ ಹಾಗಿಲ್ಲ, ಕಾರಿನೊಳಗೆ ಕೂತೇ ಬದಲಾಯಿಸಬೇಕು.

ಅಣ್ಣನಿಗೆ ಫೋನ್ ಮಾಡಿ ಹೇಳಿದೆ. "ಸರಿ, ಇನ್ಮೇಲೆ ರಾತ್ರಿ ಫೋಟೊ ಬೇಕು ಅಂತ ನನ್ನ ಹತ್ರ ಬರಬೇಡ" ಅಂದ. ಬಂದೇ ಬರ್ತೀನಿ ಅಂತ ಅವನಿಗೂ ಗೊತ್ತು.