ಭೂಕಂಪದ ಪೇಪರ್ ಕಟ್ಟು: ನಾಲ್ಕನೇ ತಿಂಗಳು

ಈ ತಿಂಗಳು ಹೊಸದಾಗಿ ಸೇರಿದ್ದು ಹನ್ನೊಂದು ಪುಟ ಮಾತ್ರ. ಭಾರತದ ದೊಡ್ಡ ಭೂಕಂಪಗಳ ಬಗ್ಗೆ ಆಯಾ ಕಾಲದ ಪತ್ರಿಕೆಗಳು ಏನು ಬರೆದವು ಅಂತ ಜೋಡಿಸುವ ಕೆಲಸ ಇದು. ಲೈಬ್ರರಿಯಲ್ಲಿ ಫೋಟೊ ಹೊಡೆದುಕೊಂಡು ಬಂದು ಮನೆಯಲ್ಲಿ ಎಕ್ಸೆಲ್‌ಗೆ ಏರಿಸುತ್ತೇನೆ.

ಪುಟ ಕಡಿಮೆಯಾಗಿದ್ದು ನನ್ನ ಪೆದ್ದುತನದಿಂದ. ಭುಜ್ ನಡುಗಿದ ಮರುದಿನದ, ಅಂದರೆ 2001ರ ಜನವರಿ 27ರ ಪೇಪರಿಗಾಗಿ ಎರಡು ಶನಿವಾರ ಹುಡುಕಿದೆ. ಬೈಂಡ್ ಮಾಡಿಟ್ಟ ಕಟ್ಟಿನಲ್ಲಿ 26 ಆದ ಮೇಲೆ ನೇರ 28. ಯಾರೋ ಹರಿದುಕೊಂಡು ಹೋಗಿದ್ದಾರೆ ಅಂತ ಬೈದುಕೊಂಡೆ. ಆಮೇಲೆ 26ರ ಮುಖಪುಟದ ಮೂಲೆಯಲ್ಲಿ ಬೆರಳಗಲದ ಚೌಕಟ್ಟು ಕಂಡಿತು: ಗಣರಾಜ್ಯೋತ್ಸವಕ್ಕೆ ಕಚೇರಿಗೆ ರಜೆ, ನಾಳೆ ಸಂಚಿಕೆ ಇಲ್ಲ. ವರ್ಷ ವರ್ಷ ನೋಡುವ ಸಾಲೇ ಅಲ್ವಾ, ಹೊಳೆದೇ ಇರಲಿಲ್ಲ. ಭೂಮಿ ನಡುಗಿದ್ದು ಅದೇ ಬೆಳಿಗ್ಗೆ 8.46ಕ್ಕೆ.

ಅಂದಿನಿಂದ ‘ನಡುಗಿದ ಗಂಟೆ’ ಅಂತ ಒಂದು ಕಾಲಂ ಸೇರಿಸಿದ್ದೇನೆ. ಮಹಾರಾಷ್ಟ್ರದ ಕೊಯ್ನಾ, 1967ರ ಡಿಸೆಂಬರ್ 11, ನಸುಕಿನ 4.21. ಅದೇ ರಾಜ್ಯದ ಕಿಲ್ಲಾರಿ, 1993ರ ಸೆಪ್ಟೆಂಬರ್ 30, ನಸುಕಿನ 3.56. ಅಷ್ಟೊತ್ತಿಗೆ ಪೇಪರ್ ಅಚ್ಚಾಗಿ ವ್ಯಾನ್ ಹತ್ತಿರುತ್ತದೆ. ಕಿಲ್ಲಾರಿ ಸುತ್ತಿನವು ಹಿಂದಿನ ರಾತ್ರಿ ಗಣಪತಿ ಬಿಟ್ಟು ಬಂದು ಮಲಗಿದ್ದ ಊರುಗಳು. ಸುಮಾರು ಹತ್ತು ಸಾವಿರ ಜನ ಸತ್ತ ದಿನದ ಪೇಪರಿನಲ್ಲಿ ಅದರ ಸುಳಿವೇ ಇಲ್ಲ. ಬೀದರ್, ಕಲಬುರಗಿ ಕಡೆಯವರಿಗೆ ಮಾತ್ರ ಪೇಪರಿಗಿಂತ ಮೊದಲೇ ಮಂಚ ಅಲ್ಲಾಡಿ ಸುದ್ದಿ ಮುಟ್ಟಿತ್ತು.

‘ರಿಕ್ಟರ್’ ಕಾಲಂ ತಲೆ ತಿನ್ನುತ್ತಿದೆ. ಭುಜ್‌ಗೆ ನಮ್ಮ ಹವಾಮಾನ ಇಲಾಖೆಯ ಲೆಕ್ಕ 6.9, ಅಮೆರಿಕದವರದ್ದು 7.7. ಎರಡನ್ನೂ ಬರೆದಿಟ್ಟೆ. 1934ರ ಬಿಹಾರಕ್ಕೆ ಬಂದರೆ ಅಂದಿನ ಸುದ್ದಿಯಲ್ಲಿ ಆ ಅಂಕಿ ಹುಡುಕುವಂತೆಯೇ ಇಲ್ಲ. ಚಾರ್ಲ್ಸ್ ರಿಕ್ಟರ್ ತನ್ನ ಮಾಪಕ ಪ್ರಕಟಿಸಿದ್ದೇ 1935ರಲ್ಲಿ!

ಆದರೆ ಬಿಹಾರದ್ದೇ ಎಲ್ಲಕ್ಕಿಂತ ಜಾಸ್ತಿ ಹಿಡಿದಿಟ್ಟ ಓದು. ಈ ಕಂಪನ ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಅಂದರು ಗಾಂಧಿ. ಪ್ರಕೃತಿಯ ಘಟನೆಯನ್ನು ಹೀಗೆ ಪಾಪ ಪುಣ್ಯಕ್ಕೆ ಗಂಟು ಹಾಕಬಾರದು ಅಂತ ಟಾಗೋರರು ತಿರುಗಿ ಬರೆದರು. ಗಾಂಧಿ ಅದನ್ನು ತಮ್ಮ ‘ಹರಿಜನ’ ಪತ್ರಿಕೆಯಲ್ಲೇ ಅಚ್ಚು ಹಾಕಿ, ಪಕ್ಕದಲ್ಲಿ ತಮ್ಮ ಉತ್ತರ ಕೊಟ್ಟರು. ಪಟ್ಟು ಮಾತ್ರ ಬಿಡಲಿಲ್ಲ. ನಾನು ಟಾಗೋರರ ಕಡೆ. ಆದರೂ ತನ್ನ ವಿರುದ್ಧದ ಬರಹಕ್ಕೆ ಹೀಗೆ ಜಾಗ ಬಿಡುವ ಸಂಪಾದಕರು ಎಷ್ಟು ಜನ ಸಿಗುತ್ತಾರೆ? ಎಕ್ಸೆಲ್‌ನಲ್ಲಿ ಇದಕ್ಕೆ ಯಾವ ಕಾಲಮ್ಮೂ ಸರಿಹೋಗಲಿಲ್ಲ. ಬೇರೆ ಹಾಳೆ ತೆರೆದೆ.

ಮುಂದಿನದು ಅಸ್ಸಾಂ. 1950ರ ಆಗಸ್ಟ್ 15, ಸಂಜೆ ಏಳೂವರೆ ದಾಟಿತ್ತು. ಈ ಸಲ 16ರ ಪೇಪರ್ ಹುಡುಕುವ ಮೊದಲು 15ರ ಮುಖಪುಟದ ಮೂಲೆ ನೋಡುತ್ತೇನೆ.