ಮುಟ್ಟುವ ಮೊದಲು ಒಂದು ಮಾತು

ಮಾರ್ಚ್ 14, 2024, ಗುರುವಾರ

ಇದನ್ನು ಮೊಬೈಲ್‌ಗೆ ಹೇಳಿ ಬರೆಸುತ್ತಿದ್ದೇನೆ. ಕುತ್ತಿಗೆಯ ಬಳಿ ಬೆನ್ನುಹುರಿಗೆ ಪೆಟ್ಟಾದ ಮೇಲೆ ಬೆರಳುಗಳು ನನ್ನ ಮಾತು ಕೇಳುವುದಿಲ್ಲ. ಎದೆಯಿಂದ ಕೆಳಗೆ ಯಾರು ಮುಟ್ಟಿದರೂ ತಿಳಿಯುವುದಿಲ್ಲ.

ಒತ್ತಡದ ಹುಣ್ಣು ಆಗದಿರಲೆಂದು ರಾತ್ರಿಯೂ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತಾರೆ. ತಲೆ, ಭುಜ, ಸೊಂಟ ಒಂದೇ ಸಾಲಿನಲ್ಲಿ ಹೊರಳಬೇಕು, ಅದಕ್ಕೆ ಮೂರ್ನಾಲ್ಕು ಜನ ಬೇಕು. ಮಾತಿಲ್ಲದೆ ಹೊರಳಿಸಿದಾಗ ಆಗುವ ದಿಗಿಲು ದೊಡ್ಡದು. ಹಿಡಿದ ಕೈಗಳು ಅರಿವಿಗೆ ಬರುವುದಿಲ್ಲ, ಕಣ್ಣೆದುರಿನ ಚಾವಣಿ ಮಾತ್ರ ಸರಿದುಹೋಗುತ್ತದೆ.

ನಿನ್ನೆ ರಾತ್ರಿಪಾಳಿಗೆ ಬಂದ ಸಿಸ್ಟರ್ ಮೊದಲು ತಮ್ಮ ಮುಖ ನನಗೆ ಕಾಣುವ ಕಡೆ ನಿಂತರು. "ಈಗ ಎಡಕ್ಕೆ ಹೊರಳಿಸುತ್ತೇವೆ. ತಲೆಯನ್ನು ನಾನೇ ಹಿಡಿಯುತ್ತೇನೆ, ಮೂರು ಎಣಿಸಿದ ಮೇಲೆ" ಎಂದರು. ಹೊರಳಿಸಿದ ಬಳಿಕ ಕರೆಗಂಟೆಯ ಅಗಲ ಗುಂಡಿಯನ್ನು ನನ್ನ ಮಣಿಕಟ್ಟಿನ ಪಕ್ಕಕ್ಕೆ ಸರಿಸಿ, "ಒಮ್ಮೆ ಒತ್ತಿ ನೋಡಿ" ಎಂದರು. ಒತ್ತಿದೆ. ಬಾಗಿಲ ಮೇಲಿನ ದೀಪ ಹೊತ್ತಿದ ನಂತರವೇ ಅವರು ಹೊರಟದ್ದು. ನನಗೆ ಧೈರ್ಯ ಹೇಳುವವರು ಬಹಳ ಜನ. ಆದರೆ ಕಣ್ಣು ಮುಚ್ಚುವಷ್ಟು ನಿರಾಳವಾಗುವುದು ಹೀಗೆ ಹೇಳಿ ಮಾಡುವವರಿದ್ದಾಗ.

ಬೆಳಗಿನ ಜಾವ ತಲೆ ಸಿಡಿಯತೊಡಗಿತು, ಮುಖವೆಲ್ಲ ಬೆವರು. ಗುಂಡಿ ಒತ್ತಿದೆ. ಹಿಂದೊಮ್ಮೆ ಹೀಗಾದಾಗ ಬೇರೊಂದು ವಾರ್ಡಿನಲ್ಲಿ "ಗಾಬರಿಯಿಂದ ಹಾಗಾಗುತ್ತದೆ, ಮಲಗಿ" ಎಂದು ಹೇಳಿ ಹೋಗಿದ್ದರು. ಆ ಮಾತು ಇಂದಿಗೂ ನೋಯಿಸುತ್ತದೆ. ಬೆನ್ನುಮೂಳೆಯಲ್ಲಿ ಎದೆಯ ಭಾಗದ 6ನೇ ಕಶೇರುಕದ (ಬೆನ್ನುಮಣಿಯ) ಮಟ್ಟದಲ್ಲೋ ಅದಕ್ಕಿಂತ ಮೇಲೋ ಗಾಯವಾದವರಿಗೆ ಮೂತ್ರಕೋಶ ತುಂಬಿ ಬಿಗಿದರೂ ಸಾಕು, ರಕ್ತದೊತ್ತಡ ಥಟ್ಟನೆ ಏರಿ ಪ್ರಾಣಕ್ಕೇ ಕುತ್ತಾಗಬಹುದು. ಹೊಟ್ಟೆಯ ಕೆಳಗಿನ ಆ ಬಿಗಿತ ತಿಳಿಯದ ನನಗೆ ತಲೆನೋವೇ ಸೂಚನೆ. ಈ ಸಿಸ್ಟರ್ ನನ್ನ ಮಾತನ್ನು ನಂಬಿದರು. ಮಂಚದ ತಲೆಭಾಗ ಎತ್ತಿಸಿ, ಹೊಟ್ಟೆಯ ಪಟ್ಟಿ ಸಡಿಲಿಸಿ, ಮೂತ್ರ ಹೊರಹರಿಸುವ ಕ್ಯಾತಿಟರ್ ಕೊಳವೆಯನ್ನು ಉದ್ದಕ್ಕೂ ಬೆರಳಾಡಿಸಿ ನೋಡಿದರು. ತೊಡೆಯ ಕೆಳಗೆ ಮಡಚಿಕೊಂಡಿತ್ತು. ನೇರ ಮಾಡಿದೊಡನೆ ಚೀಲಕ್ಕೆ ಮೂತ್ರ ಇಳಿಯಿತು, ಜೊತೆಗೆ ನೋವೂ ಇಳಿಯಿತು. ರಕ್ತದೊತ್ತಡ ಹತೋಟಿಗೆ ಬರುವವರೆಗೂ ಅಳೆಯುತ್ತಾ, ಪ್ರತಿ ಸಲದ ಅಂಕಿಯನ್ನು ನನಗೂ ಹೇಳಿದರು.

ಮತ್ತೆ ನಡೆಯುತ್ತೇನೆಯೇ ಎಂದು ಬೆಳಿಗ್ಗೆ ವೈದ್ಯರನ್ನು ಕೇಳಿದೆ. ಈಗಲೇ ಹೇಳಲಾಗದು ಎಂದರು, ಕುರ್ಚಿ ಎಳೆದುಕೊಂಡು ಕುಳಿತು. ಅಷ್ಟು ಸಾಕಾಯಿತು.

ಆಮೇಲೆ ಫಿಸಿಯೋಥೆರಪಿಸ್ಟ್ ಕೈಯಲ್ಲಿ ಮಂಚದ ತಲೆಬದಿಯ ಫಲಕದ ಮೇಲೆ ಬರೆಸಿದೆ: ಮುಟ್ಟುವ ಮೊದಲು ಹೇಳಿ. ಕರೆಗಂಟೆ ಬಲ ಮಣಿಕಟ್ಟಿನ ಬಳಿ. ತಲೆನೋವು ಎಂದರೆ ತಕ್ಷಣ ಕೊಳವೆ ನೋಡಿ. ಮಧ್ಯಾಹ್ನದ ಪಾಳಿಗೆ ಹೊಸದಾಗಿ ಬಂದವರು ಅದನ್ನು ಓದಿಕೊಂಡು, ತಮ್ಮ ಹೆಸರು ಹೇಳಿಯೇ ಹತ್ತಿರ ಬಂದರು.