ಅಪ್ಪನಿಗೆ ಆಪರೇಷನ್: ಬೇಕೋ ಬೇಡವೋ ಅನ್ನೋ ಪಂಚಾಯ್ತಿ

ಅಪ್ಪನಿಗೆ 76. ದೊಡ್ಡ ಕರುಳಿನ ಬಲಭಾಗದಲ್ಲಿ ಗಡ್ಡೆ. ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತಲೇ ಬಂತು.

ಹೊಟ್ಟೆನೋವು ಗಿಟ್ಟೆನೋವು ಏನೂ ಇರಲಿಲ್ಲ. ಸುಸ್ತು ಅಷ್ಟೇ, ತೋಟಕ್ಕೆ ಹೋಗಿ ಬರುವಷ್ಟರಲ್ಲಿ ಏದುಸಿರು. ವಯಸ್ಸಾಯಿತಲ್ವಾ ಅಂದುಕೊಂಡೆವು. ಹಿಮೋಗ್ಲೋಬಿನ್ ನೋಡಿದರೆ 7. ಊರಿನ ಡಾಕ್ಟರು ಸುಮ್ನೆ ಕಬ್ಬಿಣದ ಮಾತ್ರೆ ಬರೆದು ಕಳಿಸಲಿಲ್ಲ, ಪುಣ್ಯಾತ್ಮರು. ಈ ವಯಸ್ಸಿನ ಗಂಡಸಿಗೆ ರಕ್ತ ಇಷ್ಟು ಇಳಿದಿದೆ ಅಂದರೆ ಎಲ್ಲೋ ಸೋರುತ್ತಿರಬೇಕು, ಕೊಲೊನೋಸ್ಕೋಪಿ, ಅಂದರೆ ಕ್ಯಾಮೆರಾ ಇರುವ ಕೊಳವೆ ಹಾಕಿ ದೊಡ್ಡ ಕರುಳಿನ ಒಳಗೆ ನೋಡುವ ಪರೀಕ್ಷೆ, ಮಾಡಿಸಲೇಬೇಕು ಅಂದರು. ಬಲಭಾಗದ ಗಡ್ಡೆಯಲ್ಲಿ ರಕ್ತ ಕಣ್ಣಿಗೆ ಕಾಣದ ಹಾಗೆ ಸ್ವಲ್ಪಸ್ವಲ್ಪವೇ ಹೋಗುವುದು ಜಾಸ್ತಿ.

ಆಮೇಲೆ ಶುರುವಾಯಿತು ನೋಡಿ ಮನೆಯಲ್ಲಿ ಪಂಚಾಯ್ತಿ. ಕತ್ತಿ ತಾಗಿಸಿದರೆ ಹರಡುತ್ತೆ ಅಂತ ಚಿಕ್ಕಪ್ಪ. ನಾಟಿ ಔಷಧಿ ತರಿಸೋಣ ಅಂತ ಭಾವ. ಈ ವಯಸ್ಸಲ್ಲಿ ಯಾಕಪ್ಪಾ ಕೊಯ್ಸೋದು, ಇರೋ ತನಕ ನೆಮ್ಮದಿಯಾಗಿ ಇರಲಿ ಅಂತ ಅತ್ತೆ. ಇದೆಲ್ಲಾ ನಡೆಯುತ್ತಿದ್ದುದು ಅಡುಗೆಮನೆಯಲ್ಲಿ, ಪಿಸುಮಾತಿನಲ್ಲಿ, ಯಾಕಂದ್ರೆ ಅಪ್ಪನಿಗೆ ಕಾಯಿಲೆಯ ಹೆಸರು ಹೇಳಬಾರದು ಅಂತ ಎಲ್ಲರ ಕಟ್ಟಪ್ಪಣೆ.

ಅತ್ತೆಯ ಮಾತು ನನ್ನನ್ನೂ ಅಲ್ಲಾಡಿಸಿತ್ತು. ಅದಕ್ಕೇ ಸರ್ಜನ್ ಹತ್ತಿರ ನೇರವಾಗಿ ಕೇಳಿದೆ, ಆಪರೇಷನ್ ಮಾಡಿಸದಿದ್ದರೆ ಏನಾಗುತ್ತೆ? ಅವರು ಚೀಟಿಯ ಹಿಂದೆ ಪೆನ್ನಿನಲ್ಲಿ ಕರುಳು ಬರೆದು ತೋರಿಸಿದರು. ಗಡ್ಡೆ ಹೀಗೇ ಬೆಳೆದರೆ ರಕ್ತ ಹೋಗುತ್ತಲೇ ಇರುತ್ತೆ, ಮುಂದೊಂದು ದಿನ ಕರುಳೇ ಕಟ್ಟಿಕೊಳ್ಳಬಹುದು. ಆಗ ಮಧ್ಯರಾತ್ರಿ ಓಡಿಬಂದು ಮಾಡಿಸುವ ಎಮರ್ಜೆನ್ಸಿ ಆಪರೇಷನ್ ಇದೆಯಲ್ಲಾ, ಅದರ ಅಪಾಯ ಈಗಿನದಕ್ಕಿಂತ ಎಷ್ಟೋ ಜಾಸ್ತಿ. ಅಂದರೆ ಸುಮ್ಮನಿದ್ದರೆ ನೆಮ್ಮದಿ ಅನ್ನೋ ಲೆಕ್ಕವೇ ತಪ್ಪು. ಸಿಟಿ ಸ್ಕ್ಯಾನ್‌ನಲ್ಲಿ ಲಿವರ್, ಶ್ವಾಸಕೋಶ ಎರಡೂ ಚೊಕ್ಕ ಇದ್ದವು, ಹೃದಯದ ಸ್ಕ್ಯಾನ್ ಎಕೋ ಕೂಡ ಪರವಾಗಿಲ್ಲ. ವಯಸ್ಸಿಗಿಂತ ನಾವು ನೋಡೋದು ಮನುಷ್ಯ ಎಷ್ಟು ನಡೀತಾರೆ, ಎಷ್ಟು ಉಣ್ತಾರೆ, ಹೃದಯ ಕಿಡ್ನಿ ಹೇಗಿವೆ ಅನ್ನೋದನ್ನ ಅಂದರು. ಗಡ್ಡೆ ತೆಗೆದ ಮೇಲೆ ಕರುಳು ಸೇರಿಸಿ ಹೊಲಿಗೆ ಹಾಕಿದ ಜಾಗ ಸೋರುವ ಅಪಾಯ ಇದ್ದೇ ಇದೆ ಅನ್ನೋದನ್ನೂ ಮುಚ್ಚಿಡಲಿಲ್ಲ.

ಅವತ್ತು ಸಂಜೆಯೇ ಅಪ್ಪನಿಗೆ ಎಲ್ಲಾ ಹೇಳಿದೆ. ಮನೆಯವರಿಗೆ ನನ್ನ ಮೇಲೆ ಕೋಪ, ಇರಲಿ. ಹೊಟ್ಟೆ ಅವರದ್ದು, ತೀರ್ಮಾನ ನಮ್ಮದು ಅಂದ್ರೆ ಹೇಗೆ? ಅಪ್ಪ ಅಳಲಿಲ್ಲ, ಕೂಗಾಡಲೂ ಇಲ್ಲ. "ಹೊಟ್ಟೆಗೆ ಚೀಲ ಕಟ್ತಾರೇನೋ?" ಅಂತ ಕೇಳಿದರು, ಪಕ್ಕದೂರಿನ ಯಾರಿಗೋ ಮಲ ಹೋಗಲು ಹಾಗೆ ಚೀಲ ಕಟ್ಟಿದ್ದನ್ನು ನೋಡಿದ್ದರಂತೆ. ಬಲಭಾಗದ್ದಾದರೆ ಸಾಮಾನ್ಯವಾಗಿ ಆ ತುಂಡು ತೆಗೆದು, ಸಣ್ಣ ಕರುಳನ್ನು ಉಳಿದ ದೊಡ್ಡ ಕರುಳಿಗೆ ಸೇರಿಸಿಬಿಡ್ತಾರೆ, ಚೀಲ ಬೇಕಾಗೋದು ಅಪರೂಪ ಅಂದೆ. "ಹಂಗಾದ್ರೆ ಮಾಡ್ಸು. ಕೊಬ್ಬರಿ ಮಾರಿದ ಮೇಲೆ ಹೋಗಣ."

ಹೆಂಗೂ ಹಿಮೋಗ್ಲೋಬಿನ್ ಏರಿಸಿಕೊಳ್ಳಲು ಕೆಲವು ವಾರ ಬೇಕಿತ್ತು, ಡಾಕ್ಟರೂ ಒಪ್ಪಿದರು. ಈಗ ಕಬ್ಬಿಣದ ಇಂಜೆಕ್ಷನ್ ನಡೆಯುತ್ತಿದೆ, ಬೀಡಿ ಬಂದ್. ಉಸಿರೆಳೆದು ಚೆಂಡು ಏರಿಸುವ, ಮೂರು ಚೆಂಡಿನ ಉಸಿರಾಟದ ವ್ಯಾಯಾಮದ ಡಬ್ಬಿ ಕೊಟ್ಟಿದ್ದಾರೆ, ಮೂರನೇ ಚೆಂಡು ಏರದಿದ್ದರೆ ಅಪ್ಪ ಅದಕ್ಕೇ ಬೈತಾರೆ. ಕಿಮೋ ಬೇಕಾ ಬೇಡವಾ ಅನ್ನೋದು ಆಪರೇಷನ್ ಆದ ಮೇಲಿನ ಮಾತು. ತೆಗೆದ ತುಂಡಿನ ಜೊತೆ ಬಂದ ದುಗ್ಧಗ್ರಂಥಿಗಳನ್ನು (ಲಿಂಫ್ ನೋಡ್), ಕನಿಷ್ಠ 12ನ್ನಾದರೂ, ಲ್ಯಾಬಿನಲ್ಲಿ ನೋಡಬೇಕಂತೆ. ಅವುಗಳಿಗೆ ಹರಡಿದೆಯಾ ಅನ್ನೋದರ ಮೇಲೆ ನಿರ್ಧಾರ.

ಇನ್ನೊಂದು ವಿಷಯ. ಅಪ್ಪ ಅಮ್ಮಂದಿರಲ್ಲಿ ಯಾರಿಗಾದರೂ ಇದು ಬಂದರೆ ಮಕ್ಕಳು 40ರ ಹೊತ್ತಿಗೆ ಕೊಲೊನೋಸ್ಕೋಪಿ ಮಾಡಿಸಬೇಕು. ನನಗೂ ಅಕ್ಕನಿಗೂ 40 ದಾಟಿದೆ. ನಾನು ಹೆಸರು ಬರೆಸಿ ಬಂದೆ, ಅಕ್ಕ ಇನ್ನೂ ಒಪ್ಪಿಲ್ಲ.